ಮುರಕಲ್ಲಿನ ಹಳೆಯ ಮನೆಯ ಗೋಡೆಗೆ ಪಸೆ ಎಲ್ಲಿಂದ ಬರುತ್ತದೆ?

ಉಡುಪಿಯ ಕಡೆಯ ನಿಮ್ಮ 70 ವರ್ಷದ ಮುರಕಲ್ಲಿನ (ಜಂಬಿಟ್ಟಿಗೆ) ಮನೆಯಲ್ಲಿ ಪಡುವಣ ಗೋಡೆಯ ಒಳಮೈಗೆ ಮೊಣಕಾಲೆತ್ತರದವರೆಗೆ ಪಸೆ ಹಿಡಿದಿದೆ, ಜಲನಿರೋಧಕ ಬಣ್ಣ ಹಚ್ಚಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹಚ್ಚಿಸಬೇಡಿ. ನೀರು ಬರುವ ದಾರಿಯನ್ನು ಅರಿಯದೆ ಗೋಡೆಯ ಮುಖ ಮುಚ್ಚಿದರೆ ಪಸೆ ಇನ್ನಷ್ಟು ಮೇಲಕ್ಕೇರುತ್ತದೆ. ನಮ್ಮ ಮನೆಯಲ್ಲಿ ಹೀಗೆ ಮಾಡಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸೊಂಟದೆತ್ತರ ತಲುಪಿತ್ತು.

ಕಲೆ ಯಾವಾಗ ಗಾಢವಾಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಜೋರು ಮಳೆಯ ಬೆನ್ನಿಗೆ ಹೆಚ್ಚಿ, ಮಳೆ ಬಿಟ್ಟ ಮೇಲೆ ಒಣಗುವುದಾದರೆ, ಗಾಳಿಮಳೆಯ ಎರಚಲೋ ಸೂರಿನಿಂದ ಅಂಗಳಕ್ಕೆ ಬಿದ್ದು ಸಿಡಿಯುವ ನೀರೋ ರಂಧ್ರಮಯವಾದ ಮುರಕಲ್ಲಿನೊಳಗೆ ಇಳಿಯುತ್ತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲೂ ಆರದಿದ್ದರೆ ಮತ್ತು ಗೋಡೆಯ ಆಚೆ ಬಚ್ಚಲಿದ್ದರೆ, ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಹಾಕಿ ಬೆಳಿಗ್ಗೆ ನೋಡಿ; ಮಟ್ಟ ಇಳಿದಿದ್ದರೆ ಕೊಳವೆ ಎಲ್ಲೋ ಸೋರುತ್ತಿದೆ. ಮಳೆಯಿಲ್ಲದ ಮೋಡದ ದಿನಗಳಲ್ಲಷ್ಟೇ ಒದ್ದೆಯಾದರೆ, ಗೋಡೆಯಲ್ಲಿ ಸೇರಿಕೊಂಡ ಉಪ್ಪು ಗಾಳಿಯ ತೇವವನ್ನು ಹೀರುತ್ತಿರಬಹುದು. ಉಪ್ಪಿದ್ದಲ್ಲಿ ಗೋಡೆಗೆ ಚುಚ್ಚಿ ನೋಡುವ ತೇವಮಾಪಕವೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಯಾದ್ದರಿಂದ ಆ ಒಂದು ಅಂಕಿಯನ್ನು ನಂಬಿ ಹಣ ಸುರಿಯಬೇಡಿ. ಅದಕ್ಕಿಂತ, ಕಲೆಯ ಮೇಲೆ ಅಲ್ಯೂಮಿನಿಯಂ ಹಾಳೆಯೊಂದರ ನಾಲ್ಕೂ ಅಂಚುಗಳನ್ನು ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ: ಕೋಣೆಯ ಕಡೆ ಹನಿಗಟ್ಟಿದರೆ ಅದು ಒಳಗಿನ ಗಾಳಿಯ ತೇವ, ಗೋಡೆಯ ಕಡೆ ಹನಿಗಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ.

ನೆಲದಿಂದ ಏರುವ ಪಸೆ ಸಾಮಾನ್ಯವಾಗಿ ಸುಮಾರು 1 ಮೀಟರ್ ಎತ್ತರದೊಳಗೇ ನಿಂತು, ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ಆದರೆ ಇಷ್ಟು ವರ್ಷ ಇಲ್ಲದ ಪಸೆ ಈಗೇಕೆ ಬಂತು ಎಂಬುದೇ ಇಲ್ಲಿ ಮುಖ್ಯ. ಹಿಂದಿನವರು ಪಂಚಾಂಗವನ್ನು (ಗೋಡೆ ನಿಲ್ಲುವ ಅಡಿಪಾಯದ ಕಟ್ಟೆಯನ್ನು) ಎತ್ತರಿಸಿ, ಸುಣ್ಣದ ಸಾರಣೆ ಮಾಡುತ್ತಿದ್ದುದರಿಂದ ಗೋಡೆಗೆ ಏರಿದ ನೀರು ಹೊರಗೆ ಆರಿಹೋಗುತ್ತಿತ್ತು; ಆಮೇಲೆ ಮಾಡಿಸಿದ ಸಿಮೆಂಟ್ ಸಾರಣೆ ಅದನ್ನು ತಡೆಯುತ್ತದೆ, ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಹೊರಗಿನ ಮಟ್ಟವನ್ನು ಒಳನೆಲದ ಸಮಕ್ಕೆ ತಂದಿರುತ್ತದೆ. ಹೀಗಾಗಿದೆಯೇ ಎಂದು ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಟ್ಯೂಬಿನಿಂದ ಅಳೆಯಿರಿ. ಅಂಗಳ ಒಳನೆಲಕ್ಕಿಂತ 15 ಸೆಂ.ಮೀ.ನಷ್ಟಾದರೂ ಕೆಳಗಿಲ್ಲವೆಂದರೆ, ನನ್ನ ಅನುಭವದಲ್ಲಿ ಕಾರಣ ಬಹುತೇಕ ಅಲ್ಲೇ ಇರುತ್ತದೆ. ಆಗ ಗೋಡೆಯ ಬುಡದ ಹಾಸನ್ನು ತೆಗೆಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿಸಿ, ತಟ್ಟಿದಾಗ ಟೊಳ್ಳು ಸದ್ದು ಬರುವ ಸಿಮೆಂಟ್ ಸಾರಣೆಯನ್ನು ಕೀಳಿಸಿ. ಬರಿಯ ಕಲ್ಲು ಒಂದು ಪೂರ್ತಿ ಬೇಸಿಗೆ ಆರಲಿ; ಸುಣ್ಣದ ಸಾರಣೆಯನ್ನು ಆ ನಂತರ ಮಾಡಿಸಿ.