ಕಾಗದದ ಸೇಫ್‌ನಲ್ಲಿ ಹಾರ್ಡ್ ಡಿಸ್ಕ್ ಇಡಬಹುದೇ?

ಮನೆಪತ್ರ, ಬ್ಯಾಕಪ್ ಹಾರ್ಡ್ ಡಿಸ್ಕ್ ಎರಡನ್ನೂ ಒಂದೇ ಫೈರ್ ಸೇಫ್‌ನಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಸೇಫ್ ಕಾಗದಕ್ಕೆಂದೇ ಮಾಡಿದ್ದಾದರೆ ದಯವಿಟ್ಟು ಬೇಡ. ಲೇಬಲ್ ನೋಡಿ: ಯುಎಲ್ (ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ) ಕ್ಲಾಸ್ 350 ಎಂದಿದ್ದರೆ ಬೆಂಕಿ ಬಿದ್ದಾಗ ಒಳಗಿನ ಶಾಖ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್‌ವರೆಗೂ ಏರಬಹುದು. ಕಾಗದ ತಡೆಯುತ್ತೆ, ಡಿಸ್ಕ್ ತಡೆಯಲ್ಲ. ಅದಕ್ಕೆ ಕ್ಲಾಸ್ 125 ಬೇಕು. ಅಲ್ಲಿ ಮಿತಿ ಸುಮಾರು 52 ಸೆಲ್ಸಿಯಸ್, ತೇವಾಂಶ ಶೇ. 80. ತೇವದ ಲೆಕ್ಕ ಯಾಕೆಂದರೆ, ಗೋಡೆಯೊಳಗೆ ತುಂಬಿರುವ ನಿರೋಧಕ ಕಾದಾಗ ಹಬೆ ಬಿಡುತ್ತೆ. ಶಾಖ ಹೀರುವುದು ಆ ನೀರೇ, ಡಿಸ್ಕ್ ಕೆಡಿಸುವುದೂ ಅದೇ. ಮಾಮೂಲಿ ದಿನಗಳಲ್ಲೂ ಒಳಗೆ ಪಸೆ ಕಟ್ಟಬಹುದು, ಸಿಲಿಕಾ ಜೆಲ್ ಇಡಿ. ಸೇಫನ್ನು ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿ ಬಿಗಿಯುವಾಗ ಕಂಪನಿ ಕೊಟ್ಟ ತೂತನ್ನೇ ಬಳಸಿ. ಹೊಸದು ಕೊರೆದರೆ ಬೆಂಕಿಗೆ ದಾರಿ ಬಿಟ್ಟಂತೆ. ಬ್ಯಾಕಪ್‌ನ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.