ಕಾಲಿನ ಬಾವು ಇಳಿದಿದೆ, ಬಿ.ಪಿ. 100/60. ಹಾರ್ಟ್ ಫೇಲ್ಯೂರ್ ಮಾತ್ರೆ ಬಿಡಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬದಿಯಡ್ಕದಲ್ಲಿರುವ ತಂದೆಯವರಿಗೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪು ಸೋತ ಸ್ಥಿತಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್., ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು, ಶೇ. 30. ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಒಂದು ತಿಂಗಳು. ಬಾವು, ಏದುಸಿರು ಕಡಿಮೆಯಾಗಿದೆ. ಬಿ.ಪಿ. 100/60 ಇರುವವರಿಗೆ ಬಿ.ಪಿ. ಮಾತ್ರೆ ಯಾಕೆ, ಒಂದೆರಡು ಬಿಟ್ಟರೆ ಆಗದೇ?

ನೀವಾಗಿಯೇ ಬಿಡಬೇಡಿ. ಬಾವು ಇಳಿಸಿದ್ದು ಮುಖ್ಯವಾಗಿ ನೀರಿನ ಮಾತ್ರೆ, ಅಂದರೆ ಫ್ಯೂರೋಸೆಮೈಡ್ ಅಥವಾ ಟೋರ್ಸೆಮೈಡ್. ಅದು ಮೈ ಹಗುರ ಮಾಡುತ್ತದೆ, ಹೃದಯವನ್ನು ಸುಧಾರಿಸುವುದಿಲ್ಲ. ಹೃದಯ ಸೋತಾಗ ದೇಹ ಅಡ್ರಿನಲಿನ್, ಆಲ್ಡೋಸ್ಟೆರೋನ್‌ನಂಥ ಹಾರ್ಮೋನು ಹೆಚ್ಚಿಸಿ, ಸುಸ್ತಾದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ ಅದನ್ನು ಇನ್ನಷ್ಟು ದುಡಿಸುತ್ತದೆ. ಈ ಏಟು ತಪ್ಪಿಸಲಿಕ್ಕೆ ಸಕ್ಯುಬಿಟ್ರಿಲ್-ವಾಲ್ಸಾರ್ಟನ್, ಬೀಟಾ ಬ್ಲಾಕರ್ (ಕಾರ್ವೆಡಿಲಾಲ್, ಮೆಟೊಪ್ರೊಲಾಲ್‌ನಂಥವು), ಸ್ಪೈರೊನೊಲ್ಯಾಕ್ಟೋನ್. ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುತ್ತಾರೆ, ಗಾಬರಿ ಬೇಡ. ಆಯುಸ್ಸು ಹೆಚ್ಚಿಸುವುದು ಈ ನಾಲ್ಕು. ಇಲ್ಲಿ ಇವು ಬಿ.ಪಿ.ಗೆಂದು ಕೊಟ್ಟವಲ್ಲ.

ಲಂಡನ್ನಿನ ಟ್ರೆಡ್-ಎಚ್.ಎಫ್. ಅಧ್ಯಯನದಲ್ಲಿ ಇ.ಎಫ್. ಸುಧಾರಿಸಿ ಯಾವ ತೊಂದರೆಯೂ ಉಳಿಯದಿದ್ದ 25 ಮಂದಿಗೆ ಹಂತಹಂತವಾಗಿ ಮಾತ್ರೆ ನಿಲ್ಲಿಸಿ ನೋಡಿದರು. 6 ತಿಂಗಳೊಳಗೆ 11 ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ಒಬ್ಬರಿಗೂ ಮರಳಲಿಲ್ಲ.

ಪ್ರಮಾಣವನ್ನು ಸಣ್ಣದರಿಂದ ಏರಿಸುತ್ತಾರೆ. ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಸಾಮಾನ್ಯವಾಗಿ 50 ಮಿ.ಗ್ರಾಂನಲ್ಲಿ ಶುರು, 2ರಿಂದ 4 ವಾರಕ್ಕೊಮ್ಮೆ ದುಪ್ಪಟ್ಟಾಗಿ, ತಡೆದುಕೊಂಡರೆ 200ಕ್ಕೆ, ದಿನಕ್ಕೆರಡು ಬಾರಿ. ಕಾರ್ವೆಡಿಲಾಲ್ 3.125ರಿಂದ 25ರ ತನಕ. ಮೇಲಿನ ಬಿ.ಪಿ. 100ರ ಆಸುಪಾಸು ಇದ್ದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಾರದಿದ್ದರೆ ಆ ಅಂಕಿಗೆ ಹೆದರಿ ಮಾತ್ರೆ ಕಡಿಯುವ ಅಗತ್ಯವಿಲ್ಲ. ತಲೆ ಸುತ್ತಿದರೆ ಎಲ್ಲವನ್ನೂ ಒಟ್ಟಿಗೆ ನುಂಗದೆ ಬೇರೆಬೇರೆ ಹೊತ್ತಿಗೆ ಹಂಚಬಹುದೇ, ನೀರಿನ ಮಾತ್ರೆ ಇಳಿಸಬಹುದೇ ಎಂದು ಡಾಕ್ಟರಲ್ಲಿ ಕೇಳಿ. ಬೀಟಾ ಬ್ಲಾಕರನ್ನಂತೂ ದಿಢೀರನೆ ನಿಲ್ಲಿಸಲೇಬಾರದು.

ನಮ್ಮ ಗಡಿಭಾಗದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಎರಡು ಚೀಟಿಯಿಂದ: ಮಂಗಳೂರಿನದ್ದೊಂದು, ಊರಿನ ಕ್ಲಿನಿಕ್ಕಿನ ಹಳತೊಂದು. ಹಳೆಯದರಲ್ಲಿ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಇದ್ದು, ಅದರ ಜೊತೆಗೇ ಸಕ್ಯುಬಿಟ್ರಿಲ್ ನುಂಗಿದರೆ ನಾಲಿಗೆ, ಗಂಟಲು ಊದಿ ಉಸಿರು ಕಟ್ಟಬಹುದು. ಎರಡರ ನಡುವೆ 36 ಗಂಟೆ ಅಂತರ ಬೇಕು. ಟೆಲ್ಮಿಸಾರ್ಟನ್, ಲೋಸಾರ್ಟನ್ ಇದ್ದರೆ ಅವು ವಾಲ್ಸಾರ್ಟನ್ ಜಾತಿಯವೇ, ಹಾಗಾಗಿ ಅದೂ ಡಬಲ್ ಆಗುತ್ತದೆ. ಮೆಟೊಪ್ರೊಲಾಲ್ ಬರೆದಿದ್ದರೆ ಸ್ಟ್ರಿಪ್ಪಿನಲ್ಲಿ 'ಸಕ್ಸಿನೇಟ್' ಎಂದಿದೆಯೇ ನೋಡಿ. 'ಟಾರ್ಟ್ರೇಟ್' ಈ ಕಾಯಿಲೆಗೆ ಅದರ ಬದಲಿ ಅಲ್ಲ. ಸಕ್ಸಿನೇಟನ್ನು ಪುಡಿ ಮಾಡಿ ಕೊಡಬೇಡಿ.

ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಶಿಯಂ ಏರಿಸುತ್ತದೆ, ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಕೂಡ. ಶುರುವಾಗಿ 1 ವಾರಕ್ಕೆ, ಮತ್ತೆ 4 ವಾರಕ್ಕೆ ರಕ್ತದ ಪೊಟ್ಯಾಶಿಯಂ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವಂಥದ್ದು) ಪರೀಕ್ಷೆ ಆಗಿರಬೇಕು. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಪೊಟ್ಯಾಶಿಯಂ 5.5 ದಾಟಿದರೆ ಅಂದೇ ಡಾಕ್ಟರಿಗೆ ತಿಳಿಸಿ. ಇಲ್ಲಿ ರೋಗಿ ನೋಡಲು ಬಂದವರೆಲ್ಲ ಬೊಂಡ (ಎಳನೀರು) ತರುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಧಾರಾಳ, ದಿನಾ ಕುಡಿಸಬೇಡಿ. ಅಂಗಡಿಯ 'ಲೋ ಸೋಡಿಯಂ' ಉಪ್ಪು ಇನ್ನೂ ಅಪಾಯ, ಅದರಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಸೇರಿರುತ್ತದೆ. ಗಂಜಿಗೆ ನೆಂಚಿಕೊಳ್ಳುವ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡಬೇಕು. ಗಂಟುನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡವೇ ಬೇಡ: ನೀರು ನಿಲ್ಲಿಸಿ ಕಿಡ್ನಿ ಕೆಡಿಸುತ್ತವೆ.

ವಾಂತಿಭೇದಿಯಾದ ದಿನ, ಉಪವಾಸದ ದಿನ ಡಾಪಾಗ್ಲಿಫ್ಲೋಜಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ವಾಂತಿಭೇದಿಯಿದ್ದರೆ ನೀರಿನ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್ ಬಗ್ಗೆಯೂ ಫೋನು ಮಾಡಿ ಕೇಳಿ. ಆಪರೇಷನ್ ಇದ್ದರೆ ಡಾಪಾಗ್ಲಿಫ್ಲೋಜಿನ್ 3 ದಿನ ಮೊದಲೇ ನಿಲ್ಲಿಸುತ್ತಾರೆ.

ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ಬರೆದಿಡಿ. 3 ದಿನದಲ್ಲಿ 2 ಕಿಲೋ ಏರಿದರೆ ಬಾವು ಕಾಣುವ ತನಕ ಕಾಯದೆ ಡಾಕ್ಟರಿಗೆ ತಿಳಿಸಿ. ಮಾತ್ರೆಗಳು ಸರಿಯಾದ ಪ್ರಮಾಣಕ್ಕೆ ಬಂದು 3 ತಿಂಗಳಾದ ಮೇಲೆ ಎಕೋ ಮತ್ತೆ ಮಾಡಿಸಿ, ಆಗಲೂ ಇ.ಎಫ್. 35 ದಾಟಿರದಿದ್ದರೆ ಐ.ಸಿ.ಡಿ. ಯಂತ್ರ (ಅಪಾಯಕಾರಿಯಾಗಿ ಬಡಿತ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸಲು ದೇಹದೊಳಗೆ ಇಡುವಂಥದ್ದು) ಬೇಕೇ ಎಂದು ಹೃದ್ರೋಗ ತಜ್ಞರನ್ನು ಕೇಳಿ.