‘ವೆರಿ ಇಂಪಾರ್ಟೆಂಟ್’ ಎಂದು ಬರೆಯುವ ಮುನ್ನ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕಚೇರಿಯ ಇಮೇಲ್‌ಗಳಲ್ಲಿ ‘ವೆರಿ ಇಂಪಾರ್ಟೆಂಟ್’, ‘ಟಾಪ್ ಪ್ರಯಾರಿಟಿ’ ಎಂದು ಬರೆದು ಬರೆದು ಸಾಕಾಗಿದೆ, ಗ್ರಾಹಕರು ಅಮೆರಿಕದವರು, ಬದಲಿ ಪದಗಳೂ ನುಡಿಗಟ್ಟುಗಳೂ ಬೇಕು. ಕಂಪನಿಗಳ ಇಂಗ್ಲಿಷ್ ಪತ್ರ, ವರದಿಗಳನ್ನು ತಿದ್ದಿಕೊಡುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತು ಪದಗಳ ಪಟ್ಟಿ ಕೊಡುವುದು ಕಷ್ಟದ ಮಾತಲ್ಲ. ಆದರೆ ಅಂಥ ಪಟ್ಟಿ ಇಟ್ಟುಕೊಂಡು ಬರೆದವರ ಪತ್ರಗಳೇ ನನ್ನ ಮೇಜಿಗೆ ತಿದ್ದಲು ಬರುವುದು. ವಿಷಯವನ್ನು ಮೇಲೆತ್ತುವ ಪದಗಳು ನಿಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ. ಮರ್ಯಾದೆ ಕೆಡದಂತೆ ಕೆಳಗಿಳಿಸುವ ಮಾತುಗಳೇ ನಿಮಗೆ ಹೆಚ್ಚು ಕೆಲಸಕ್ಕೆ ಬರುವಂಥವು.

ಮೊದಲು ಒಂದು ಗೋಜಲು ಬಿಡಿಸೋಣ. ‘ಇಂಪಾರ್ಟೆಂಟ್’ ಎಂದರೆ ತೂಕ, ‘ಅರ್ಜೆಂಟ್’ ಎಂದರೆ ಗಡುವು, ‘ಪ್ರಯಾರಿಟಿ’ ಎಂದರೆ ಸರದಿ. ‘ಪ್ರಯಾರ್’ ಎಂಬ ಲ್ಯಾಟಿನ್ ಮೂಲಕ್ಕೆ ‘ಮುಂಚಿನದು’ ಎಂದಷ್ಟೇ ಅರ್ಥ, ನಮ್ಮ ‘ಆದ್ಯತೆ’ಯೊಳಗೆ ‘ಆದಿ’ ಕೂತಿರುವ ಹಾಗೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ, ಹಿಂದಿನ ಕಾಲೇಜು ಮುಖ್ಯಸ್ಥರೊಬ್ಬರ ಮಾತೆಂದು ಹೇಳಿ, ಸಮಸ್ಯೆಗಳಲ್ಲಿ ತುರ್ತಿನವು ಮತ್ತು ಮಹತ್ವದವು ಎಂಬ ಎರಡು ಬಗೆಯಿವೆ, ತುರ್ತಿನವು ಮಹತ್ವದವಲ್ಲ, ಮಹತ್ವದವು ಎಂದೂ ತುರ್ತಿನವಲ್ಲ ಎಂದಿದ್ದರು. ಮಾತು ಸ್ವಲ್ಪ ಅತಿಯಾಯಿತು, ನಿಜ. ಆದರೂ ಅಮೆರಿಕದ ಕಚೇರಿಗಳಲ್ಲಿ ಈ ಭೇದ ಬೇರೂರಿದೆ. ಮುದ್ರಣದೋಷವೊಂದನ್ನು ನೀವು ‘ವೆರಿ ಇಂಪಾರ್ಟೆಂಟ್’ ಎಂದರೆ ಓದುವವರು ಹುಬ್ಬೇರಿಸುತ್ತಾರೆ. ಅದು ‘ಅರ್ಜೆಂಟ್’ ಇರಬಹುದು, ಅಷ್ಟೆ.

ಇನ್ನು ಸಮಾನಾರ್ಥಕಗಳು. ಅವು ಸಮಾನವಲ್ಲ ಎಂಬುದೇ ತೊಡಕು. ‘ವೈಟಲ್’ನ ಒಳಗೆ ಜೀವವಿದೆ, ಅದಿಲ್ಲದಿದ್ದರೆ ಕೆಲಸವೇ ಸತ್ತಂತೆ ಎನ್ನುವಲ್ಲಿ ಮಾತ್ರ ಬಳಸಿ. ‘ಕ್ರೂಷಿಯಲ್’ ಬಂದದ್ದು ಕವಲುದಾರಿಯ ಕೈಮರದಿಂದ. ಎರಡು ವಿವರಣೆಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಿಕೊಡುವ ನಿದರ್ಶನಕ್ಕೆ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ಆ ರೂಪಕವನ್ನು ಬಳಸಿದ್ದ. ಹಾಗಾಗಿ ಇತ್ತ ಅಥವಾ ಅತ್ತ ಎಂದು ನಿರ್ಧಾರವಾಗುವ ಘಟ್ಟಕ್ಕೆ ಅದು ಹೊಂದುತ್ತದೆ. ‘ಕ್ರಿಟಿಕಲ್’ ಬಗ್ಗೆ ಎಚ್ಚರವಿರಲಿ: ಅದರಲ್ಲಿ ಅಪಾಯದ ವಾಸನೆಯಿದೆ, ಆಸ್ಪತ್ರೆಯ ವಾರ್ಡಿನಲ್ಲಿ ಕೇಳುವ ಪದ ಅದು. ಮೇಲಾಗಿ ‘ಕ್ರಿಟಿಕಲ್ ರಿವ್ಯೂ’ ಎಂದರೆ ಮಹತ್ವದ ಸಭೆಯೋ ತಪ್ಪು ಹುಡುಕುವ ಸಭೆಯೋ ಎಂದು ಓದುವವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ‘ಸಿಗ್ನಿಫಿಕೆಂಟ್’ ಅನ್ನು ಅಂಕಿಅಂಶಗಳ ಪಕ್ಕದಲ್ಲಿ ಇಡಲೇಬೇಡಿ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ತನ್ನದೇ ಅರ್ಥವಿದೆ, ಬರೀ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ್ದು ಎಂದು; ಅಲ್ಲಿ ತೀರಾ ಸಣ್ಣ ವ್ಯತ್ಯಾಸವೂ ‘ಸಿಗ್ನಿಫಿಕೆಂಟ್’ ಆಗಬಹುದು.

‘ಪ್ಯಾರಮೌಂಟ್’ ನನಗೆ ಇಷ್ಟದ ಪದ. ಅದರ ಹಿಂದಿರುವುದು ‘ಮೇಲ್ಗಡೆ’ ಎಂಬರ್ಥದ ಹಳೆಯ ಫ್ರೆಂಚ್ ಮಾತು. ಮೈಸೂರು, ಹೈದರಾಬಾದಿನಂಥ ಸಂಸ್ಥಾನಗಳ ಮೇಲೆ ತಮಗಿದ್ದ ಅಧಿಕಾರವನ್ನು ಬ್ರಿಟಿಷರು ‘ಪ್ಯಾರಮೌಂಟ್ಸಿ’ ಎಂದೇ ಕರೆಯುತ್ತಿದ್ದರು. ಅರಮನೆಯಲ್ಲಿ ಮಹಾರಾಜರೇ ದೊಡ್ಡವರು, ಆದರೆ ಅವರ ಮೇಲೂ ಒಬ್ಬರಿದ್ದರು. 1947ರಲ್ಲಿ ಸ್ವಾತಂತ್ರ್ಯದೊಂದಿಗೆ ಅದು ಕೊನೆಗೊಂಡಿತು. ಮೇಲೆ ಇನ್ನೊಬ್ಬರಿಲ್ಲದ ಸ್ಥಾನ ಇದು. ಆದ್ದರಿಂದ ‘ವೆರಿ ಪ್ಯಾರಮೌಂಟ್’, ‘ಮೋರ್ ಪ್ಯಾರಮೌಂಟ್’ ಎಂದು ಬರೆಯಬಾರದು. ಒಂದು ವರದಿಯಲ್ಲಿ ಮೂರು ಸಂಗತಿಗಳನ್ನು ‘ಪ್ಯಾರಮೌಂಟ್’ ಎಂದು ಬರೆದವರೂ ಇದ್ದಾರೆ. ಒಂದೇ ಸಿಂಹಾಸನದಲ್ಲಿ ಮೂವರನ್ನು ಕೂರಿಸುವುದು ಹೇಗೆ?

‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಎಂಬುದನ್ನು ‘ಬೇಗ ಮಾಡಿ’ ಎಂಬರ್ಥದಲ್ಲಿ ಸಲೀಸಾಗಿ ಬಳಸುತ್ತಾರೆ. ಹರಟೆಯಲ್ಲಿ ಸರಿ. ಒಪ್ಪಂದದ ಪತ್ರದಲ್ಲಿ ಅದು ಕಾನೂನಿನ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ನೋಡಿ: ಸಮಯವೇ ಕರಾರಿನ ಜೀವಾಳ ಎಂಬುದು ಎರಡೂ ಕಡೆಯವರ ಉದ್ದೇಶವಾಗಿದ್ದರೆ, ಒಬ್ಬರು ಗಡುವು ತಪ್ಪಿಸಿದಾಗ ಇನ್ನೊಬ್ಬರು ಕರಾರನ್ನೇ ರದ್ದುಪಡಿಸಬಹುದು. ಆ ಉದ್ದೇಶವಿರದಿದ್ದರೆ ವಿಳಂಬಕ್ಕೆ ಪರಿಹಾರ ಕೇಳಬಹುದಷ್ಟೆ. ಸೈಟು, ಮನೆ ಮಾರಾಟದ ಕರಾರುಗಳಲ್ಲಿ ಸಮಯವೇ ಜೀವಾಳವೆಂದು ನ್ಯಾಯಾಲಯಗಳು ಸಾಮಾನ್ಯವಾಗಿ ತಾವಾಗಿ ಭಾವಿಸುವುದಿಲ್ಲ. ವಕೀಲರು ಆ ಸಾಲನ್ನು ಹಟ ಹಿಡಿದು ಬರೆಸುವುದು ಅದಕ್ಕೇ. ಗ್ರಾಹಕರಿಗೆ ಕಳಿಸುವ ಇಮೇಲ್‌ನಲ್ಲಿ ಶೋಭೆಗೆಂದು ಇದನ್ನು ಸೇರಿಸಬೇಡಿ.

ಈಗ ಕೆಳಗಿಳಿಸುವ ಮಾತುಗಳು. ‘ಪುಟ್ ಆನ್ ದಿ ಬ್ಯಾಕ್ ಬರ್ನರ್’ ಅಮೆರಿಕದ ಅಡುಗೆಮನೆಯದು. ಅಲ್ಲಿನ ಸ್ಟೌವಿನಲ್ಲಿ ಸಾಮಾನ್ಯವಾಗಿ ನಾಲ್ಕು ಉರಿಗಳು. ಕಲಕುತ್ತಾ ನಿಗಾ ಇಡಬೇಕಾದದ್ದು ಮುಂದೆ, ತಾನೇ ಕುದಿಯುವಂಥದ್ದು ಹಿಂದೆ. ಇದನ್ನು ನಮ್ಮವರು ‘ನೆನೆಗುದಿಗೆ ಬಿದ್ದಿದೆ’ ಎಂಬುದಕ್ಕೆ ಬಳಸುತ್ತಾರೆ, ಅದು ಹೊಂದುವುದಿಲ್ಲ. ನೆನೆಗುದಿಗೆ ಬಿದ್ದದ್ದು ತಣ್ಣಗಾಗಿರುತ್ತದೆ. ಹಿಂದಿನ ಉರಿಯ ಮೇಲಿನದು ಇನ್ನೂ ಬಿಸಿಯಾಗಿರುತ್ತದೆ, ನಮ್ಮ ಸೌದೆ ಒಲೆಯ ಹಿಂದಿನ ಕಣ್ಣಿನ ಮೇಲಿಟ್ಟ ನೀರಿನ ಪಾತ್ರೆಯಂತೆ. ಆದ್ದರಿಂದಲೇ ಇದು ಸೌಜನ್ಯದ ಮಾತು: ಈಗಲ್ಲ, ಆದರೆ ಕೈಬಿಟ್ಟಿಲ್ಲ. ಕೈಬಿಟ್ಟೇ ಆಗಿದ್ದರೆ ‘ಡ್ರಾಪ್ಡ್’ ಎಂದು ನೇರವಾಗಿ ಹೇಳಿ. ‘ಟೇಕ್ ಎ ಬ್ಯಾಕ್ ಸೀಟ್’ ಎಂದರೆ ಇನ್ನೊಂದಕ್ಕೆ ದಾರಿಬಿಟ್ಟು ಹಿಂದೆ ಸರಿಯುವುದು. ಕೆಲಸಕ್ಕೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ. ‘ಪ್ಲೇ ಸೆಕೆಂಡ್ ಫಿಡಲ್’, ಅಂದರೆ ಇನ್ನೊಬ್ಬರ ಮುಂದೆ ಎರಡನೆಯವರಾಗಿ ಉಳಿಯುವುದು, ಹಾಗಲ್ಲ. ಅದು ವ್ಯಕ್ತಿಯ ಸ್ಥಾನಮಾನವನ್ನು ಕೆಣಕುತ್ತದೆ, ಸಹೋದ್ಯೋಗಿಯ ಬಗ್ಗೆ ಬರೆದರೆ ಜಗಳ ಕಟ್ಟಿಟ್ಟದ್ದು.

ನಮ್ಮ ನೆಲದಲ್ಲೇ ಬೆಳೆದ ಒಂದು ಚಟವನ್ನೂ ಹೇಳಿಬಿಡುತ್ತೇನೆ. ‘ಆನ್ ಎ ವಾರ್ ಫುಟಿಂಗ್’ ನಮ್ಮ ಪತ್ರಿಕೆಗಳಲ್ಲಿ ‘ಯುದ್ಧೋಪಾದಿಯಲ್ಲಿ’ ಆಗಿ ರಸ್ತೆಗುಂಡಿ ಮುಚ್ಚುವುದಕ್ಕೂ ಹೂಳೆತ್ತುವುದಕ್ಕೂ ಬಳಕೆಯಾಗುತ್ತದೆ. ಅಮೆರಿಕದ ಓದುಗರಿಗೆ ಅದು ಸೈನ್ಯ ಸಜ್ಜಾಗುವುದನ್ನು ನೆನಪಿಸುತ್ತದೆ. ಸಾಫ್ಟ್‌ವೇರ್ ದೋಷ ಸರಿಪಡಿಸುವುದಕ್ಕೆ ಅಷ್ಟೆಲ್ಲ ಬೇಡ. ‘ಕೈಂಡ್ಲಿ ಟ್ರೀಟ್ ದಿಸ್ ಆನ್ ಟಾಪ್ ಪ್ರಯಾರಿಟಿ’ ಎಂಬ ಸಾಲನ್ನು ಕಂಡಾಗಲೆಲ್ಲ ನಾನು ಹೊಡೆದುಹಾಕಿ, ‘ವಿ ನೀಡ್ ದಿ ಸೈನ್ಡ್ ಕಾಪಿ ಬೈ ಥರ್ಸ್‌ಡೇ; ದಿ ಬ್ಯಾಂಕ್ ವೋಂಟ್ ರಿಲೀಸ್ ದಿ ಮನಿ ವಿದೌಟ್ ಇಟ್’ ಎಂಬ ಧಾಟಿಯಲ್ಲಿ ತಿದ್ದುತ್ತೇನೆ. ಗಡುವೂ ಬಂತು, ಕಾರಣವೂ ಬಂತು. ಮಹತ್ವ ಓದುವವರಿಗೆ ತಾನೇ ಹೊಳೆಯುತ್ತದೆ.

ಕೊನೆಗೆ, ನಿಮ್ಮ ಗ್ರಾಹಕರು ಅಮೆರಿಕದವರಾದ್ದರಿಂದ ‘ಟೇಬಲ್’ ಎಂಬ ಕ್ರಿಯಾಪದವನ್ನು ಮುಟ್ಟಲೇಬೇಡಿ. ಬ್ರಿಟನ್ನಿನಲ್ಲಿ, ನಮ್ಮ ಸಂಸತ್ತಿನ ಬಳಕೆಯಲ್ಲೂ, ಅದಕ್ಕೆ ಮಂಡಿಸುವುದು ಎಂದರ್ಥ. ಅಮೆರಿಕದಲ್ಲಿ ಮುಂದೂಡುವುದು. ಎರಡನೆಯ ಮಹಾಯುದ್ಧದ ಸಮಾಲೋಚನೆಗಳ ಬಗ್ಗೆ ಚರ್ಚಿಲ್ ಬರೆದಿದ್ದಾರೆ: ಬ್ರಿಟಿಷ್ ಅಧಿಕಾರಿಗಳು ಒಂದು ಟಿಪ್ಪಣಿಯನ್ನು ತುರ್ತಾಗಿ ‘ಟೇಬಲ್’ ಮಾಡಬೇಕೆಂದರು, ಅಮೆರಿಕದವರು ಕೂಡದೆಂದರು, ಇಬ್ಬರಿಗೂ ಬೇಕಾದದ್ದು ಒಂದೇ ಎಂದು ತಿಳಿಯುವ ಹೊತ್ತಿಗೆ ಬಿಸಿಬಿಸಿ ವಾಗ್ವಾದ ನಡೆದುಹೋಗಿತ್ತು. ಚರ್ಚೆಗೆ ತರುವುದಾದರೆ ‘ಬ್ರಿಂಗ್ ಅಪ್’, ಮುಂದಕ್ಕೆ ಹಾಕುವುದಾದರೆ ‘ಪುಟ್ ಆಫ್’ ಎನ್ನಿ. ಇವೆರಡೂ ಎರಡು ದೇಶಗಳಲ್ಲೂ ನಡೆಯುತ್ತವೆ.